ತತ್ತ್ವಜ್ಞನ ರುಜು

ತತ್ತ್ವವನ್ನು ಬೋಧಿಸುವವನ ಬಾಳನ್ನು ಅವನ ಗ್ರಂಥದೊಡನೆ ತೂಗಿ ನೋಡಬೇಕೇ ಎಂಬ ಪ್ರಶ್ನೆ ಬಹಳ ಹಳೆಯದು. ಗಣಿತಜ್ಞನು ಶೀಲಗೆಟ್ಟರೂ ಅವನ ಪ್ರಮೇಯ ಕೆಡುವುದಿಲ್ಲ. ಆದರೆ ಹೇಗೆ ಬಾಳಬೇಕೆಂದು ಉಪದೇಶಿಸುವವನಿಗೆ ಆ ವಿನಾಯಿತಿ ಸಲ್ಲದು. ಜೆಕ್ ದಾರ್ಶನಿಕ ಯಾನ್ ಪತೋಚ್ಕಾ (1907–1977) ಅವರ ಕೃತಿ ಮತ್ತು ಕ್ರಿಯೆಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದರೆ ಈ ಮಾತು ವಿಶದವಾಗುತ್ತದೆ.

1933ರಲ್ಲಿ ಪತೋಚ್ಕಾ ಜರ್ಮನಿಯ ಫ್ರೈಬರ್ಗ್‌ನಲ್ಲಿ ಎಡ್ಮಂಡ್ ಹುಸರ್ಲ್ ಅವರ ಬಳಿ ವ್ಯಾಸಂಗ ಮಾಡಿದರು. ಹುಸರ್ಲ್ ಅವರ ಪೀಠಕ್ಕೆ ಉತ್ತರಾಧಿಕಾರಿಯಾಗಿದ್ದ ಮಾರ್ಟಿನ್ ಹೈಡೆಗರ್ ಅದೇ ವರ್ಷ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ನಾಜಿ ಪಕ್ಷವನ್ನು ಸೇರಿದರು. ಯೆಹೂದಿ ಕುಲದಲ್ಲಿ ಜನಿಸಿದ ವೃದ್ಧ ಗುರುವು ಬಹಿಷ್ಕೃತರಾದರು. 1935ರಲ್ಲಿ ಆ ಗುರುವನ್ನು ಪ್ರಾಗ್ ನಗರಕ್ಕೆ ಬರಮಾಡಿಕೊಂಡು ಉಪನ್ಯಾಸ ಮಾಡಿಸಿದವರಲ್ಲಿ ಪತೋಚ್ಕಾ ಒಬ್ಬರು. ಗುರು ಒಬ್ಬರೇ, ಶಿಷ್ಯರ ದಾರಿ ಎರಡಾಯಿತು.

ಪತೋಚ್ಕಾ ಅವರ ಚಿಂತನೆಯ ತಿರುಳು ಪ್ಲೇಟೋವಿನಿಂದ ಬಂದ ಆತ್ಮಪರಿಪಾಲನೆ. ಅನುಕೂಲಕ್ಕಿಂತ ಸತ್ಯವನ್ನು ಮೇಲೆಂದು ಭಾವಿಸಿ ಬಾಳನ್ನು ನಿರಂತರ ಪರೀಕ್ಷೆಗೆ ಒಡ್ಡುವುದೇ ಅದರ ತಾತ್ಪರ್ಯ. 1948ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ಬಳಿಕ ಅವರು ವಿಶ್ವವಿದ್ಯಾಲಯದಿಂದ ಹೊರಬೀಳಬೇಕಾಯಿತು. 1968ರಲ್ಲಿ ಮರಳಿದರೂ 1972ರಲ್ಲಿ ಬಲವಂತದ ನಿವೃತ್ತಿ ಕಾದಿತ್ತು. ಅನಂತರ ಮನೆಗಳಲ್ಲಿ ಗುಪ್ತವಾಗಿ ಪಾಠ ಹೇಳಿದರು.

1975ರಲ್ಲಿ ಬೆರಳಚ್ಚಿನ ಪ್ರತಿಗಳಾಗಿ ಹರಡಿದ ಅವರ ‘ಪಾಷಂಡ ಪ್ರಬಂಧಗಳು’ ಎಂಬ ಕೃತಿಯಲ್ಲಿ ಒಂದು ದೋಷವಿದೆ. ಅದರ ಕೊನೆಯ ಪ್ರಬಂಧವು ಮೊದಲ ಮಹಾಯುದ್ಧದ ರಣರಂಗದ ಅನುಭವವನ್ನು ಆಧಾರವಾಗಿಟ್ಟುಕೊಂಡಿದೆ. ಸಾವಿನೆದುರು ನಿಂತು ತತ್ತರಿಸಿದವರು, ಶತ್ರುಗಳಾಗಿದ್ದರೂ, ಪರಸ್ಪರ ಬೆಸೆದುಕೊಳ್ಳುತ್ತಾರೆ ಎಂಬುದು ಅಲ್ಲಿಯ ವಾದ. ಯುದ್ಧವನ್ನು ಹೊಗಳುವುದು ಅವರ ಉದ್ದೇಶವಲ್ಲ. ಆದರೂ ಮೈತ್ರಿಯು ಹುಟ್ಟಲು ಹಿಂಸೆಯೇ ಸೂಲಗಿತ್ತಿಯಾಗಬೇಕೆಂಬ ಧ್ವನಿಯನ್ನು ಅಹಿಂಸೆಯಲ್ಲಿ ನಂಬಿಕೆಯುಳ್ಳವರು ಒಪ್ಪಲಾರರು.

ಗ್ರಂಥದ ಈ ಕೊರತೆಯನ್ನು ಗ್ರಂಥಕರ್ತನ ನಡೆಯೇ ತಿದ್ದಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಒಡಂಬಡಿಕೆಗಳಿಗೆ ಜೆಕೊಸ್ಲೊವಾಕಿಯಾ ಸರ್ಕಾರ 1968ರಲ್ಲಿ ರುಜು ಹಾಕಿತ್ತು. 1976ರಲ್ಲಿ ಅವು ಅಲ್ಲಿ ಜಾರಿಗೂ ಬಂದವು. ಆದರೆ ಆಚರಣೆಯಲ್ಲಿ ಅವು ಕಾಗದವಾಗಿಯೇ ಉಳಿದವು. 1977ರ ಜನವರಿಯಲ್ಲಿ ಸುಮಾರು 240 ಮಂದಿ ಸಹಿ ಮಾಡಿದ ‘ಚಾರ್ಟರ್ 77’ ಎಂಬ ಪತ್ರ ಕೇಳಿದ್ದು ಇಷ್ಟೇ: ರುಜು ಹಾಕಿದ್ದೀರಿ, ಅದರಂತೆ ನಡೆಯಿರಿ. ಹುಂಡಿಗೆ ರುಜು ಹಾಕಿದವನು ವಾಯಿದೆಯ ದಿನ ಹಣ ತೆರಬೇಕೆಂಬುದು ಚಿಕ್ಕ ಅಂಗಡಿಯವನೂ ಬಲ್ಲ ನೀತಿ. ಅದನ್ನೇ ಒಂದು ರಾಜ್ಯಕ್ಕೆ ನೆನಪಿಸಬೇಕಾಯಿತು. ಅದರಲ್ಲಿ ಆಯುಧವಿರಲಿಲ್ಲ, ದ್ವೇಷವೂ ಇರಲಿಲ್ಲ.

ವಾಕ್ಲಾವ್ ಹಾವೆಲ್, ಯಿರ್ಜಿ ಹಾಯೆಕ್ ಅವರೊಡನೆ ಪತೋಚ್ಕಾ ಅದರ ವಕ್ತಾರರಾದರು. ಆಗ ಅವರಿಗೆ 69 ವರ್ಷ. ಪೊಲೀಸರ ಸತತ ವಿಚಾರಣೆಗಳಿಂದ ಬಳಲಿ ಆಸ್ಪತ್ರೆ ಸೇರಿದ ಅವರು ಮಾರ್ಚ್ 13ರಂದು ಮಿದುಳಿನ ರಕ್ತಸ್ರಾವದಿಂದ ಮೃತರಾದರು.

ದಶಕಗಳ ಕಾಲ ರಾಜಕೀಯದಿಂದ ದೂರವಿದ್ದವರು ಕೊನೆಯ ಮೂರು ತಿಂಗಳಲ್ಲಿ ಎದ್ದುನಿಂತದ್ದು ಎಷ್ಟರಮಟ್ಟಿನ ಧೈರ್ಯ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ದೀರ್ಘ ಮೌನವು ಆಳುವವರೊಡನೆ ಮಾಡಿಕೊಂಡ ರಾಜಿಯಾಗಿರಲಿಲ್ಲ. ಪದವಿ ಹೋದಾಗಲೂ ಅವರು ವಿಚಾರವನ್ನು ಮಾರಿಕೊಳ್ಳಲಿಲ್ಲ. ಕೂಡಿಟ್ಟ ಆ ಋಜುತ್ವವೇ ಕಡೆಗೆ ಅವರ ಮಾತಿಗೆ ತೂಕ ತಂದಿತು. ಫಲ ಅವರ ಕಣ್ಣಿಗೆ ಬೀಳಲಿಲ್ಲ. ಆ ಆಡಳಿತ ಕುಸಿದು ಹಾವೆಲ್ ರಾಷ್ಟ್ರಾಧ್ಯಕ್ಷರಾದದ್ದು 1989ರ ಡಿಸೆಂಬರಿನಲ್ಲಿ.

ತತ್ತ್ವಜ್ಞನ ನಾಯಕತ್ವವೆಂದರೆ ಜನರನ್ನು ಹಿಂದೆ ಕಟ್ಟಿಕೊಂಡು ಹೋಗುವುದಲ್ಲ. ತಾನು ಬರೆದುದರ ಕೆಳಗೆ ಬಾಳಿನಿಂದ ರುಜು ಹಾಕುವುದು. ಹೈಡೆಗರರ ಗ್ರಂಥಗಳನ್ನು ಇಂದಿಗೂ ಓದುತ್ತಾರೆ, ಓದಲೂಬೇಕು. ಆದರೆ ಆ ಪುಟಗಳ ಕೆಳಗೆ ಅಂತಹ ರುಜುವನ್ನು ಓದುಗನು ಹುಡುಕಿದರೂ ಕಾಣನು.