ಶ್ರೋತ್ರಿಗಳು ಬೇಡ ಅನ್ನಲಿಲ್ಲ

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಓದಿದವರ ಮುಂದೆ ಶ್ರೀನಿವಾಸ ಶ್ರೋತ್ರಿಗಳ ಹೆಸರೆತ್ತಿ ನೋಡಿ. ಒಬ್ಬರು ಕೈ ಮುಗೀತಾರೆ, ಇನ್ನೊಬ್ಬರು ಮುಖ ಸಿಂಡರಿಸ್ತಾರೆ. ನನಗೆ ಎರಡೂ ಅರ್ಧ ಓದು ಅನ್ನಿಸುತ್ತೆ.

ನಂಜನಗೂಡಿನ ವೈದಿಕ ಮನೆ. ಮಗ ಕಪಿಲಾ ನದಿಯ ಪಾಲಾಗಿದ್ದಾನೆ. ವಿಧವೆ ಸೊಸೆ ಕಾತ್ಯಾಯನಿ ಮೈಸೂರಿನ ಕಾಲೇಜಿಗೆ ಹೋಗ್ತೀನಿ ಅಂದಾಗ ಶ್ರೋತ್ರಿಗಳು ತಡೆಯಲ್ಲ. ಮುಂದೆ ಅವಳು ರಾಜನನ್ನು ಮದುವೆಯಾದಾಗಲೂ ಶಾಪ ಹಾಕಲ್ಲ. ಅವರ ಕಟ್ಟುನಿಟ್ಟೆಲ್ಲ ಅವರ ಮೈಮೇಲೇ. ಇನ್ನೊಂದು ಬಸಿರು ಹೆಂಡತಿಯ ಜೀವಕ್ಕೆ ಅಪಾಯ ಅಂತ ಗೊತ್ತಾದ ಮೇಲೆ ಬ್ರಹ್ಮಚರ್ಯ ಹಿಡಿದವರು. ಮನೆಯಲ್ಲೇ ಇದ್ದ ಲಕ್ಷ್ಮಿಯ ಕಡೆ ಹೆಂಡತಿಯೇ ಬೊಟ್ಟು ಮಾಡಿದರೂ ಮನಸ್ಸು ಬಿಗಿಹಿಡಿದವರು. ಇದನ್ನು ಬೂಟಾಟಿಕೆ ಅನ್ನೋಕೆ ನನಗೆ ಬಾಯಿ ಬರಲ್ಲ.

ನನಗೆ ಇರಿಸುಮುರಿಸಾಗೋದು ಮಗು ಚೀನಿಯ ವಿಷಯದಲ್ಲಿ. ಮರುಮದುವೆಯಾದ ಕಾತ್ಯಾಯನಿ ಮಗನನ್ನು ಕೇಳಿಕೊಂಡು ಬರ್ತಾಳೆ. ಶ್ರೋತ್ರಿಗಳು ಬಾಗಿಲು ಹಾಕಲ್ಲ, ಗದರಲ್ಲ. ಮಗು ಈ ವಂಶದ್ದು ಅನ್ನೋ ತಮ್ಮ ನಂಬಿಕೆ ಹೇಳಿ, ತೀರ್ಮಾನವನ್ನು ಅವಳಿಗೇ ಬಿಡ್ತಾರೆ. ಅವಳು ಬರಿಗೈಯಲ್ಲಿ ವಾಪಸು ಹೋಗ್ತಾಳೆ. ಜಗಳ ಆಡಿದ್ದರೆ ಅವಳೂ ಆಡ್ತಿದ್ದಳೇನೋ. ಇಂಥ ಔದಾರ್ಯದ ಎದುರು ಆಡೋದು ಹೇಗೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಿಂದ ಬಂದು ಬೆಂಗಳೂರಲ್ಲಿ ಕೆಲಸ ಹಿಡಿದ ನಮ್ಮಂಥವರಿಗೆ ಈ ಇಕ್ಕಟ್ಟು ಹೊಸದೇನಲ್ಲ. ಬೇರೆ ಜಾತಿಯ ಹುಡುಗಿಯ ವಿಷಯ ಎತ್ತಿದಾಗ ಅಪ್ಪ ಕೂಗಾಡಿದರೆ ನಾವೂ ಕೂಗಾಡಬಹುದು. ‘ನಿನ್ನಿಷ್ಟ ಕಣಪ್ಪ’ ಅಂತ ಟವೆಲ್ ಹೆಗಲಿಗೆ ಹಾಕ್ಕೊಂಡು ತೋಟದ ಕಡೆ ನಡೆದುಬಿಟ್ಟರೆ? ಆ ಎರಡು ಪದದ ಭಾರ ಹೊತ್ತೇ ತುಮಕೂರು ದಾಟಬೇಕು.

ಕಾತ್ಯಾಯನಿಗೆ ಮತ್ತೆ ಮತ್ತೆ ಗರ್ಭಪಾತವಾಗುತ್ತೆ. ಕಾದಂಬರಿಕಾರರು ಅವಳಿಗೆ ಶಿಕ್ಷೆ ಕೊಟ್ಟರು ಅನ್ನೋ ಆಕ್ಷೇಪ ಹಳೇದು, ನಾನೂ ಅದನ್ನು ತಳ್ಳಿಹಾಕಲ್ಲ. ಆದರೆ ಭೈರಪ್ಪ ಶ್ರೋತ್ರಿಗಳನ್ನೂ ಬಿಟ್ಟಿಲ್ಲ. ಯಾವ ವಂಶದ ಹೆಸರಲ್ಲಿ ಮಗು ಆ ಮನೆಯಲ್ಲಿ ಉಳಿಯಿತೋ ಆ ವಂಶದ ರಕ್ತವೇ ತಮ್ಮಲ್ಲಿಲ್ಲ, ದಾಯಾದಿಗೆ ಆಸ್ತಿ ಹೋಗಬಾರದು ಅಂತ ಮಾಡಿದ ಏರ್ಪಾಟಿನಿಂದ ತಾವು ಹುಟ್ಟಿದ್ದು ಅಂತ ಮುಪ್ಪಿನಲ್ಲಿ ಅವರಿಗೆ ತಿಳಿಯುತ್ತೆ. ಹಾರ್ಪರ್ ಲೀಯ ಅಟಿಕಸ್ ಫಿಂಚ್ ಒಳ್ಳೆಯ ಅಪ್ಪನೇ, ಆದರೆ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಅವನ ಕಾಲಕೆಳಗಿನ ನೆಲವನ್ನು ಹೀಗೆ ಎಳೆಯಲ್ಲ.

ಶ್ರೋತ್ರಿಗಳು ಸತ್ಯವನ್ನು ಮುಚ್ಚಿಡಲ್ಲ. ತಮ್ಮದಲ್ಲದ ಆಸ್ತಿಯನ್ನು ದಾನ ಮಾಡಿ ಸನ್ಯಾಸಕ್ಕೆ ಹೊರಡ್ತಾರೆ. ಇಂಥ ಹೊಣೆಗಾರಿಕೆ ಕನ್ನಡ ಕಾದಂಬರಿಗಳಲ್ಲಿ ಅಪರೂಪ. ಆದರೂ ನನ್ನ ತಕರಾರು ಉಳಿಯುತ್ತೆ: ಜಮೀನಿನ ಲೆಕ್ಕ ಅಷ್ಟು ಬೇಗ ಚುಕ್ತಾ ಆಯಿತು. ತಾಯಿಮಗನ ಲೆಕ್ಕ? ಚೀನಿಯನ್ನು ಅವಳ ಹಾಸಿಗೆಯ ಬಳಿಗೆ ಕರೆಸಿದ್ದೂ ಅವರೇ, ನಿಜ. ಆ ಹೊತ್ತಿಗೆ ಅವನು ಅವಳದೇ ತರಗತಿಯಲ್ಲಿ ಕೂತು, ಅಮ್ಮ ಅನ್ನದೆ ಎದ್ದು ಹೋದ ಹುಡುಗ, ಅವಳು ಸಾಯ್ತಾ ಇದ್ದಳು.