ಒರಟು ಎಂಬ ಒಂದು ಮಾತು

‘ಒರಟು’ ಎಂಬುದಕ್ಕೆ ಸಮಾನಾರ್ಥಕ ಪದಗಳನ್ನು ಬರೆಯಿರಿ ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಗಡಸು, ಬಿರುಸು, ನಿಷ್ಠುರ, ಖಡಕ್ ಎಂದು ಒಂದೇ ಉಸಿರಿಗೆ ಬರೆದುಬಿಡುತ್ತಾರೆ. ನಾವೂ ಪೂರ್ಣ ಅಂಕ ಕೊಡುತ್ತೇವೆ. ಇಂಗ್ಲಿಷಿನಿಂದ ಕಾದಂಬರಿಗಳನ್ನು ತರುವ ಅನುವಾದಕರಲ್ಲಿ ಅನೇಕರು ಇನ್ನೂ ಸುಲಭದ ದಾರಿ ಹಿಡಿಯುತ್ತಾರೆ. ಮೂಲದಲ್ಲಿ ಒಬ್ಬ ಅವಸರದಿಂದ ಮಾತು ಮೊಟಕು ಮಾಡಲಿ, ಇನ್ನೊಬ್ಬ ಸಲಿಗೆಯಿಂದ ಆಡಲಿ, ಮತ್ತೊಬ್ಬ ಬೇಕೆಂದೇ ಚುಚ್ಚಲಿ, ಕನ್ನಡದಲ್ಲಿ ಮೂವರೂ ‘ಒರಟಾಗಿ’ ನುಡಿಯುತ್ತಾರೆ. ಇದರಿಂದ ಭಾಷೆಗೆ ಅನ್ಯಾಯವಾಗುತ್ತಿದೆ ಎಂಬುದು ನನ್ನ ದೂರು. ಮನುಷ್ಯರಿಗೂ ಆಗುವುದುಂಟು, ಅದನ್ನು ಕೊನೆಗೆ ಹೇಳುತ್ತೇನೆ.

ಒರಟು ಎಂಬುದು ಮೊದಲು ಕೈಗೆ ತಿಳಿಯುವ ಗುಣ. ಒರಟು ಬಟ್ಟೆ, ಒರಟು ಅಂಗೈ, ನಯಮಾಡದ ಒರಟು ಹಲಗೆ. ಮಾತಿಗೆ ಬಂದಾಗಲೂ ಅದು ಆಡುವವನ ಉದ್ದೇಶವನ್ನು ದೂರುವುದಿಲ್ಲ. ನಯ ಕಲಿತಿಲ್ಲ ಎಂದಷ್ಟೇ ಹೇಳುತ್ತದೆ. ‘ಮನುಷ್ಯ ಒರಟು, ಮನಸ್ಸು ಒಳ್ಳೆಯದು’ ಎಂಬ ಮಾತು ನಮ್ಮಲ್ಲಿ ಸಲೀಸಾಗಿ ಬರುವುದು ಅದಕ್ಕೇ. ಗಡಸು ದನಿಗೂ ಸಲ್ಲುತ್ತದೆ, ಬೇಳೆ ಬೇಯಿಸದ ಬಾವಿಯ ನೀರಿಗೂ ಸಲ್ಲುತ್ತದೆ. ಬಿರುಸು ಗಾಳಿಮಳೆಯ ಜಾತಿಯದು. ಬಂದಷ್ಟೇ ಬೇಗ ಹೋಗುತ್ತದೆ. ಖಡಕ್ ಅಂತೂ ಉತ್ತರ ಕರ್ನಾಟಕದಲ್ಲಿ ಹೊಗಳಿಕೆಯೇ ಸರಿ: ಅಲ್ಲಿ ರೊಟ್ಟಿ ಖಡಕ್, ಚಹಾ ಖಡಕ್, ಲಂಚ ಮುಟ್ಟದ ಅಧಿಕಾರಿಯೂ ಖಡಕ್. ಇನ್ನು ‘ಕಡ್ಡಿ ಮುರಿದಂತೆ’ ಹೇಳಿದವನು ಒರಟನೇ ಆಗಬೇಕಾಗಿಲ್ಲ. ಮೆಲುದನಿಯಲ್ಲೂ ಹಾಗೆ ಹೇಳಬಹುದು. ಮುರಿದ ಕಡ್ಡಿ ಮತ್ತೆ ಕೂಡುವುದಿಲ್ಲ ಎಂಬುದೇ ಅಲ್ಲಿಯ ಅರ್ಥ.

ನಿಷ್ಠುರದ ಕಥೆ ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ಸಂಸ್ಕೃತದಲ್ಲಿ ಇದಕ್ಕೆ ಕಠಿಣ, ಕ್ರೂರ ಎಂಬ ಅರ್ಥ. ನಮ್ಮ ಮನೆಮಾತಿಗೆ ಇಳಿದ ಮೇಲೆ ಅದು ಆಡಿದವನು ತೆರಬೇಕಾದ ಬೆಲೆಯ ಹೆಸರೂ ಆಯಿತು. ‘ಅವರ ನಿಷ್ಠುರ ನಮಗೇಕೆ?’ ಎಂದು ಹಿರಿಯರು ಸುಮ್ಮನಾಗುವಾಗ ಅವರ ಚಿಂತೆ ಮಾತಿನ ಕಾಠಿಣ್ಯದ್ದಲ್ಲ, ಕೆಡಬಹುದಾದ ನಂಟಿನದು.

ಈ ನಂಟನ್ನು ಬಿಟ್ಟು ಮಾತನ್ನು ಅಳೆಯುವುದು ಕನ್ನಡದ ರೀತಿಯಲ್ಲ. ‘ಏಕವಚನದಲ್ಲಿ ಮಾತಾಡಿದರು’ ಎಂದು ಪತ್ರಿಕೆಯಲ್ಲಿ ಓದಿದರೆ ಜಗಳ ನಡೆಯಿತೆಂದೇ ತಿಳಿಯುತ್ತೇವೆ. ಅದೇ ಏಕವಚನ ತಾಯಿಗೆ ಸಲ್ಲುತ್ತದೆ, ದೇವರಿಗೆ ಸಲ್ಲುತ್ತದೆ. ಹನ್ನೆರಡನೆಯ ಶತಮಾನದ ಶರಣರು ತಮ್ಮ ದೇವರನ್ನು ‘ನೀನು’ ಎಂದೇ ಕರೆದರು, ಪ್ರಶ್ನಿಸಿದರು, ಒಮ್ಮೊಮ್ಮೆ ಗದರಿಸಿದರು. ಅದನ್ನು ಭಕ್ತಿಯ ಸಲಿಗೆ ಎನ್ನುತ್ತೇವೆಯೇ ಹೊರತು ಒರಟುತನ ಎನ್ನುವುದಿಲ್ಲ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವ ಕಳೆದುಹೋದ ತನ್ನ ಹುಂಜಕ್ಕಾಗಿ ಊರನ್ನೇ ಎದುರು ಹಾಕಿಕೊಂಡವಳಂತೆ ಗೊಣಗುತ್ತಾಳೆ, ಶಪಿಸುತ್ತಾಳೆ. ಆ ಬೈಗುಳಕ್ಕೆ ‘ಒರಟು ಭಾಷೆ’ ಎಂದು ಚೀಟಿ ಅಂಟಿಸುವ ವಿಮರ್ಶಕನು ಆ ಮನೆಯ ಹಸಿವನ್ನೂ ಅಕ್ಕರೆಯನ್ನೂ ಕೇಳಿಸಿಕೊಂಡಿಲ್ಲ ಎಂದೇ ನಾನು ಹೇಳುವೆ.

ಹೀಗೆ ಹೇಳುವ ಅಧಿಕಾರ ನನಗಿದೆಯೆ ಎಂಬ ಸಂದೇಹವೂ ಉಂಟು. ಸುಮಾರು 15 ವರ್ಷಗಳ ಹಿಂದೆ ನಾನು ಮೈಸೂರು ಸೀಮೆಯ ಒಂದು ಕಾಲೇಜಿನಲ್ಲಿದ್ದೆ. ವಿಜಯಪುರದ ಕಡೆಯ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಬಾಗಿಲಲ್ಲಿ ನಿಂತು ‘ಏನ್ರೀ ಸರ, ಪುಸ್ತಕ ಕೊಡ್ರಿ’ ಎನ್ನುತ್ತಿದ್ದ. ನಮ್ಮ ಸೀಮೆಯ ಕಿವಿಗೆ ‘ಏನ್ರೀ’ ಎಂಬುದು ಅಂಗಡಿಯವನನ್ನೋ ಬಸ್ಸಿನ ಕಂಡಕ್ಟರನನ್ನೋ ಕರೆಯುವ ಮಾತು, ಮೇಷ್ಟರಿಗೆ ಆಡುವಂಥದಲ್ಲ. ಅವನು ಕೆಲಸಕ್ಕೆ ಅರ್ಜಿ ಹಾಕುವಾಗ ನನ್ನಿಂದ ಪರಿಚಯ ಪತ್ರ ಕೇಳಿದ. ‘ಓದಿನಲ್ಲಿ ಮುಂದು, ನಡತೆ ಪ್ರಾಮಾಣಿಕ, ಮಾತು ಮಾತ್ರ ತುಸು ಒರಟು’ ಎಂದು ಬರೆದೆ. ನ್ಯಾಯವಾಗಿ ತೂಗಿದೆನೆಂದೇ ನನ್ನ ಭಾವನೆ.

ಅವನು ಓದಿ, ಪತ್ರವನ್ನು ಮಡಿಸಿ ಮೇಜಿನ ಮೇಲಿಟ್ಟ. ‘ದಡ್ಡ ಅಂತ ಬರೀರಿ ಸರ, ಒರಟ ಅಂತ ಬರೀಬ್ಯಾಡ್ರಿ. ರೀ ಹಚ್ಚದ ಒಂದ ಮಾತೂ ನಾ ನಿಮಗ ಆಡಿಲ್ರಿ’ ಎಂದ.

ಅವನ ಊರಿನಲ್ಲಿ ‘ರೀ’ ಎಂಬುದೇ ಮರ್ಯಾದೆ. ಹೆತ್ತ ತಾಯಿಗೆ ‘ನೀ’ ಎನ್ನುವವನು ನನಗೆ ಮಾತುಮಾತಿಗೂ ‘ರೀ’ ಹಚ್ಚುತ್ತಿದ್ದ. ಪುಸ್ತಕದಲ್ಲಿ ಓದಿ ಬಲ್ಲ ಸಂಗತಿಯೇ ಇದು. ಕನ್ನಡದ ಉಪಭಾಷೆಗಳ ಪಾಠವನ್ನು ಆ ವರ್ಷ ಅದೇ ತರಗತಿಗೆ ನಾನೇ ಮಾಡಿದ್ದೆ. ಬೇರೆ ಪತ್ರ ಬರೆದುಕೊಟ್ಟೆ. ಒಯ್ದ, ಕೈಮುಗಿದ, ಮತ್ತೆ ಪುಸ್ತಕಕ್ಕಾಗಿ ನನ್ನ ಬಾಗಿಲಿಗೆ ಬರಲಿಲ್ಲ.

ಈಗ ನಾನು ತರಗತಿಯ ಪರೀಕ್ಷೆಯಲ್ಲಿ ಒರಟು ಎಂಬುದಕ್ಕೆ ಸಮಾನಾರ್ಥಕ ಪದ ಕೇಳುವುದಿಲ್ಲ. ಒಂದು ಮಾತನ್ನು ಕೊಟ್ಟು, ಇದನ್ನು ಯಾವ ಊರಿನಲ್ಲಿ ಯಾರು ಯಾರಿಗೆ ಆಡಬಹುದು, ಬರೆಯಿರಿ ಎನ್ನುತ್ತೇನೆ. ವಿದ್ಯಾರ್ಥಿಗಳಿಗೆ ಅಂಕ ಕಡಮೆ ಬೀಳುತ್ತದೆ. ಆ ಪ್ರಶ್ನೆಯಲ್ಲಿ ಮೊದಲು ತಪ್ಪಿದವನು ನಾನೇ ಎಂದು ಅವರಿಗೆ ಹೇಳಿ ಸಮಾಧಾನಪಡಿಸುತ್ತೇನೆ.