ಕುರ್ಚಿಯ ಮುನಿಸು

ನಾರ್ಮನ್ ಮೆಕ್‌ಲಾರೆನ್ ಮತ್ತು ಕ್ಲಾಡ್ ಜುತ್ರಾ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿಗಾಗಿ 1957ರಲ್ಲಿ ಮಾಡಿದ ‘ಎ ಚೇರಿ ಟೇಲ್’ ಸುಮಾರು 10 ನಿಮಿಷದ, ಮಾತಿಲ್ಲದ, ಕಪ್ಪು-ಬಿಳುಪು ಚಿತ್ರ. ಸಂಗೀತ ನಮ್ಮ ಪಂಡಿತ್ ರವಿಶಂಕರರದು. ಪುಸ್ತಕ ಹಿಡಿದವನೊಬ್ಬ ಕೂರಲು ಹೋದರೆ ಕುರ್ಚಿ ಜಾರಿಕೊಳ್ಳುತ್ತದೆ. ಅಟ್ಟಿಸಿಕೊಂಡು ಹೋದರೂ, ರಮಿಸಿದರೂ ಬಗ್ಗದು. ಕೊನೆಗೆ ಅವನೇ ಅದನ್ನು ತನ್ನ ಮೇಲೆ ಕೂರಿಸಿಕೊಂಡಾಗ ಮುನಿಸು ಇಳಿಯುತ್ತದೆ.

ನಡುವಿನ ಓಟ ತುಸು ಹೆಚ್ಚಾಯಿತೆನ್ನಿಸಬಹುದು. ಆದರೂ ಚಿತ್ರ ಗೆಲ್ಲುವುದು ಬರಿಯ ಚಮತ್ಕಾರದಿಂದಲ್ಲ, ಕುರ್ಚಿಗೂ ಮಾನವಿದೆಯೆಂದು ನಂಬಿಸುವುದರಿಂದ.

ದೋಹಾದ ಜುಲೈ ಬಿಸಿಲಿಗೆ ಮನೆಯೊಳಗೇ ಉಳಿಯುವ ಮಕ್ಕಳೊಡನೆ ಇದನ್ನು ನೋಡಿ. ಸಾಧ್ಯವಾದರೆ ನೀವೂ ಒಂದು ತೆಗೆಯಿರಿ. ಒಂದೊಂದೇ ಫ್ರೇಮು ತೆಗೆಯಬಲ್ಲ ಹಳೆಯ ಸೂಪರ್-8 ಕ್ಯಾಮರಾ ಸಾಕು. 50 ಅಡಿಯ ಕಾರ್ಟ್ರಿಜ್ಜಿನಲ್ಲಿ 3,600 ಫ್ರೇಮುಗಳು. ಸೆಕೆಂಡಿಗೆ 18ರಂತೆ 3 ನಿಮಿಷ 20 ಸೆಕೆಂಡು. ಪ್ರತಿ ಫ್ರೇಮಿಗೂ ಕುರ್ಚಿಯನ್ನು ಬೆರಳಗಲ ಸರಿಸಿ, ಎಲ್ಲರೂ ಅಲುಗದೆ ನಿಲ್ಲಬೇಕು. ರೀಲು ತೊಳೆದು ಬರುವವರೆಗೆ ಏನೂ ಕಾಣದು. ತಪ್ಪಿದ್ದನ್ನು ಅಳಿಸಲೂ ಆಗದು.

ನಿರ್ದೇಶನ ಮಾತ್ರ ಮಕ್ಕಳದ್ದಿರಲಿ. ಅವರು “ಅಲುಗಬೇಡಿ” ಎಂದರೆ ಅಪ್ಪ-ಅಮ್ಮ ಅಲುಗಬಾರದು. ಸದಾ ಕೂರುವವರು ಒಮ್ಮೆ ಹೊರಬೇಕೆಂಬುದೇ ಈ ಚಿತ್ರದ ನೀತಿಯಲ್ಲವೇ?